ಗಂಡಸಿಯ ಕಲ್ಲು, ಗೋಕಾಕದ ಹಲ್ಲು

ಸ್ಟ್ರಿಂಗರ್ ಆದ ಹೊಸತು. ಗಂಡಸಿ ಹತ್ತಿರದ ಕೆರೆಯೊಂದರಲ್ಲಿ ಹೂಳೆತ್ತುವಾಗ ತೊಡೆಮೂಳೆಯಂಥ ಕಲ್ಲು ಸಿಕ್ಕಿತ್ತು. ಫೋಟೊ ಹೊಡೆದು ‘ಡೈನೋಸಾರ್ ಮೂಳೆ ಪತ್ತೆ?’ ಎಂದು ಸುದ್ದಿ ಕಳಿಸಿದೆ. ಮಾರನೇ ದಿನ ಭೂವಿಜ್ಞಾನದ ಮೇಷ್ಟ್ರೊಬ್ಬರ ಫೋನ್: “ನಿಮ್ಮ ಕಡೆ ಬಂಡೆಗಳಿಗೆ 250 ಕೋಟಿ ವರ್ಷಕ್ಕೂ ಹೆಚ್ಚು ವಯಸ್ಸು ಕಣಪ್ಪ. ಆಗ ಮೂಳೆಯಿದ್ದ ಪ್ರಾಣಿಯೇ ಇರಲಿಲ್ಲ.” ನಾನು ಹಾಕಿದ್ದ ಪ್ರಶ್ನಾರ್ಥಕ ಚಿಹ್ನೆ ನನ್ನ ಮಾನ ಉಳಿಸಲಿಲ್ಲ.

ಆಮೇಲೆ ಓದಲು ಕೂತೆ. ಮೊದಲು ಕಲಿತದ್ದು, ಹಳೆಯದೆಲ್ಲ ಡೈನೋಸಾರ್ ಅಲ್ಲ. 30 ಕೋಟಿ ವರ್ಷಗಳಿಗೂ ಹಿಂದೆ ಒಂದು ವಂಶ ಎರಡು ಕವಲಾಯಿತು. ಒಂದರಲ್ಲಿ ಹಲ್ಲಿ, ಮೊಸಳೆ, ಡೈನೋಸಾರ್, ಹಕ್ಕಿ. ಇನ್ನೊಂದು ಸಿನಾಪ್ಸಿಡ್, ಅಂದರೆ ನಮ್ಮ ಕವಲು. ಇದರ ಗುರುತು, ತಲೆಬುರುಡೆಯಲ್ಲಿ ಕಣ್ಣಿನ ಹಿಂದೆ ಪ್ರತಿ ಬದಿಗೂ ಒಂದೊಂದೇ ರಂಧ್ರ. ಬೆನ್ನ ಮೇಲೆ ಹಾಯಿ ಹೊತ್ತ ಡೈಮೆಟ್ರೊಡಾನ್ ಜಾತ್ರೆಯಲ್ಲಿ ಡೈನೋಸಾರ್ ಗೊಂಬೆಗಳ ಜತೆ ಮಾರಾಟವಾಗುತ್ತದೆ. ಲೆಕ್ಕ ಹಾಕಿದರೆ ಅದು ನಮ್ಮ ಕಡೆಯ ನೆಂಟ.

ಹಾಗಾದರೆ ನಮ್ಮ ರಾಜ್ಯದಲ್ಲಿ ಏನೂ ಸಿಕ್ಕಿಲ್ಲವೇ? ಸಿಕ್ಕಿದೆ, ಬೆಳಗಾವಿ ಜಿಲ್ಲೆಯ ಗೋಕಾಕದಲ್ಲಿ. ದಖ್ಖನ್ನಿನ ಲಾವಾ ಪದರಗಳ ನಡುವೆ ಉಳಿದ ಮಣ್ಣಿನಲ್ಲಿ, ಡೈನೋಸಾರ್‌ಗಳ ಕೊನೆಗಾಲದ ಒಂದು ಸಸ್ತನಿಯ ಹಲ್ಲು. ಇದೇ ಪ್ರಾಣಿಯ ಮೊದಲ ಹಲ್ಲು 1989ರಲ್ಲಿ ತೆಲಂಗಾಣದ ನಸ್ಕಲ್‌ನಲ್ಲಿ ಸಿಕ್ಕಿತ್ತು. ಅದು ಪ್ರಕಟವಾದದ್ದು 1997ರಲ್ಲಿ. ಹೆಸರು ಬಂದದ್ದು 2007ರಲ್ಲಿ. ಅದೇ ವರ್ಷ ಎರಡು ತಂಡಗಳು ಬೇರೆ ಬೇರೆಯಾಗಿ ಹೆಸರಿಟ್ಟವು: ‘ಭಾರತ್‌ಥೇರಿಯಂ ಬೊನಾಪಾರ್ಟೈ’ ಮತ್ತು ‘ದಕ್ಷಿಣ ಜೆಡೆರಿ’. ಉಳಿದದ್ದು ಮೊದಲನೆಯದು.

ಆಗ ಅವರ ಕೈಯಲ್ಲಿದ್ದದ್ದು ಬಿಡಿ ಹಲ್ಲುಗಳು ಮಾತ್ರ, ಎತ್ತರ ಒಂದು ಸೆಂಟಿಮೀಟರ್‌ಗೂ ಕಡಿಮೆ. ಆದರೂ ಎತ್ತರವಾಗಿ ಬಾಗಿದ ಆ ಹಲ್ಲುಗಳಂಥವೇ ಮಡಗಾಸ್ಕರ್, ಅರ್ಜೆಂಟೀನಾಗಳಲ್ಲೂ ಸಿಕ್ಕಿದ್ದವು. ಈ ನೆಲಗಳೆಲ್ಲ ಒಂದು ಕಾಲಕ್ಕೆ ಗೊಂಡ್ವಾನಾ ಎಂಬ ಒಂದೇ ಖಂಡದ ಭಾಗ. ಹಾಗಾಗಿ ಈ ಗುಂಪಿಗೆ ಗೊಂಡ್ವಾನಾಥೇರಿಯಾ ಎಂದು ಹೆಸರು. ಹಲ್ಲು ನೋಡಿ ಮೊದಲು ಕೆಲವರು ಇವನ್ನು ಸ್ಲಾತ್, ಆರ್ಮಡಿಲೊಗಳ ನೆಂಟರೆಂದರು. ಆಮೇಲೆ ಆ ಮಾತು ಬಿಟ್ಟರು. ಮಡಗಾಸ್ಕರ್‌ನ ತಲೆಬುರುಡೆಯೊಂದು 2014ರಲ್ಲಿ, ಅಸ್ಥಿಪಂಜರವೊಂದು 2020ರಲ್ಲಿ ಪ್ರಕಟವಾದ ಮೇಲೆ ಚಿತ್ರ ಸ್ವಲ್ಪ ತಿಳಿಯಾಯಿತು. ಈ ವಂಶದ ಒಂದು ಪ್ರಾಣಿಯೂ ಇಂದು ಉಳಿದಿಲ್ಲ.

ಹಲ್ಲಿಗೆ ಹೆಸರಿಡಲು ಅವರಿಗೆ ಹದಿನೆಂಟು ವರ್ಷ ಹಿಡಿಯಿತು. ನನ್ನ ಕಲ್ಲಿಗೆ ಹೆಸರಿಡಲು ನನಗೆ ಹದಿನೆಂಟು ನಿಮಿಷವೂ ಬೇಕಾಗಲಿಲ್ಲ. ತಿದ್ದುಪಡಿ ಒಳಪುಟದ ಮೂಲೆಯಲ್ಲಿ ಎರಡು ಸಾಲು ಬಂತು, ಯಾರೂ ಓದಲಿಲ್ಲ. ಗಂಡಸಿ ಹ್ಯಾಂಡ್‌ಪೋಸ್ಟ್‌ನಲ್ಲಿ ಚಹಾ ಕುಡಿಯುವಾಗ ಇವತ್ತಿಗೂ ಕೇಳುತ್ತಾರೆ: “ಡೈನೋಸಾರ್ ಸಿಕ್ಕಿದ ಕೆರೆ ಅದೇ ಅಲ್ವಾ ಸಾರ್?”