ಮೂರು ನಿಮಿಷದ ಕಲ್ಲೆದೆ

1947ರ ಜೂನ್ 24ರ ರಾತ್ರಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಬಾಕ್ಸರ್ ಶುಗರ್ ರೇ ರಾಬಿನ್ಸನ್‌ನ ಎಡಗೈ ಏಟಿಗೆ ಜಿಮ್ಮಿ ಡಾಯ್ಲ್ ರಿಂಗ್‌ನಲ್ಲಿ ಬಿದ್ದ. ಮತ್ತೆ ಪ್ರಜ್ಞೆ ಬರಲಿಲ್ಲ, ಮರುದಿನ ತೀರಿಕೊಂಡ. ಡಾಯ್ಲ್‌ನನ್ನು ತೊಂದರೆಗೆ ಸಿಲುಕಿಸುವ ಉದ್ದೇಶ ನಿನಗಿತ್ತೇ ಎಂದು ಸಾವಿನ ವಿಚಾರಣೆಯಲ್ಲಿ ಅಧಿಕಾರಿ ಕೇಳಿದ. ಎದುರಾಳಿಯನ್ನು ತೊಂದರೆಗೆ ಸಿಲುಕಿಸುವುದೇ ತನ್ನ ಕಸುಬು ಎಂಬರ್ಥದ ಉತ್ತರ ಕೊಟ್ಟ ರಾಬಿನ್ಸನ್.

ಈ ಮಾತನ್ನಷ್ಟೇ ಕೇಳಿದವರಿಗೆ ಎಂಥ ಕಲ್ಲುಮನಸ್ಸಿನವನಪ್ಪ ಎನಿಸಬೇಕು. ಆದರೆ ಪಂದ್ಯಕ್ಕೆ ಮೊದಲೇ ರಾಬಿನ್ಸನ್‌ಗೆ ಒಂದು ಕನಸು ಬಿದ್ದಿತ್ತು: ತನ್ನ ಹೊಡೆತಕ್ಕೆ ಡಾಯ್ಲ್ ಸತ್ತಂತೆ. ಹೆದರಿ, ತಾನು ಆಡುವುದೇ ಇಲ್ಲ ಎಂದು ಹಟ ಹಿಡಿದಿದ್ದ. ಧರ್ಮಗುರುವೊಬ್ಬರನ್ನು ಕರೆಸಿ, ಸಮಾಧಾನ ಹೇಳಿಸಿ, ರಿಂಗ್‌ಗೆ ಹತ್ತಿಸಿದರು. ಮುಂದೆ ಪಂದ್ಯಗಳಲ್ಲಿ ಬಂದ ಹಣದಲ್ಲಿ ಅವನು ಡಾಯ್ಲ್‌ನ ತಾಯಿಗೆ ನೆರವಾದ. ಕನಸಿಗೆ ಬೆದರಿದವನೂ ಅಧಿಕಾರಿಗೆ ಹಾಗೆ ಉತ್ತರಿಸಿದವನೂ ಒಬ್ಬನೇ.

ಬಾಕ್ಸಿಂಗ್‌ನಲ್ಲಿ ಗೆಲ್ಲಲು ಮನುಷ್ಯ ಸ್ವಲ್ಪ 'ಸೈಕೋ' ಆಗಿರಬೇಕು ಎಂಬ ನಂಬಿಕೆ ಹಳೆಯದು. ನಮ್ಮ ಸಿನಿಮಾಗಳ ಸೈಕೋ ಬೇರೆ, ವೈದ್ಯರ ಸೈಕೋಪಾತ್ ಬೇರೆ. ಜಾರ್ಜಿಯಾ ರಾಜ್ಯದ ಆಗಸ್ಟಾದಲ್ಲಿದ್ದ ಮನೋವೈದ್ಯ ಹರ್ವಿ ಕ್ಲೆಕ್ಲಿ 1941ರಲ್ಲಿ 'ದಿ ಮಾಸ್ಕ್ ಆಫ್ ಸ್ಯಾನಿಟಿ' ಪುಸ್ತಕದಲ್ಲಿ ಅಂಥವರ ಚಿತ್ರ ಕೊಟ್ಟ: ಮಾತಿನಲ್ಲಿ ಮೋಡಿ, ಅಳುಕಿಲ್ಲದ ನಡೆ, ಮಾಡಿದ್ದಕ್ಕೆ ಪಶ್ಚಾತ್ತಾಪವಿಲ್ಲ, ಅನುಭವದಿಂದ ಪಾಠವಿಲ್ಲ, ಬದುಕಿಗೊಂದು ಗೊತ್ತುಗುರಿ ಇಲ್ಲ. ಕೆನಡಾದ ರಾಬರ್ಟ್ ಹೇರ್ ಇದನ್ನು 20 ಲಕ್ಷಣಗಳ ಪಟ್ಟಿಯಾಗಿಸಿದ. ಒಂದೊಂದಕ್ಕೆ 0ಯಿಂದ 2 ಅಂಕ, ಒಟ್ಟು 40. 30 ಮುಟ್ಟಿದರೆ ಸೈಕೋಪಾತ್. ಇದು ಒಂದೇ ಗುಣವಲ್ಲ, ಹಲವು ಗುಣಗಳ ಕಟ್ಟು ಎಂಬುದು ಆಮೇಲಿನ ಸಂಶೋಧಕರ ವಾದ. ಕ್ರಿಸ್ಟೋಫರ್ ಪ್ಯಾಟ್ರಿಕ್ ಮತ್ತು ಸಂಗಡಿಗರು 2009ರಲ್ಲಿ ಅದನ್ನು ಮೂರು ಎಳೆಗಳಾಗಿ ಬಿಡಿಸಿದರು: ಎದೆಗಾರಿಕೆ, ಕ್ರೌರ್ಯ, ಲಗಾಮಿಲ್ಲದಿರುವಿಕೆ.

ಅಖಾಡದ ವಿಷಯಕ್ಕೆ ಬಂದರೆ ಇವುಗಳಲ್ಲಿ ಮೊದಲನೆಯದಕ್ಕೂ ಮೂರನೆಯದಕ್ಕೂ ಹೊಂದಿಕೆಯಾಗುವುದಿಲ್ಲ. ಸಂಶೋಧಕ ಡೇವಿಡ್ ಲಿಕ್ಕನ್ 1957ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಒಳ್ಳೆಯ ಸುಳಿವು. ಕೆಲವು ಸನ್ನೆಕೋಲುಗಳನ್ನು ಒತ್ತಿದರೆ ವಿದ್ಯುತ್ ಷಾಕ್ ಹೊಡೆಯುತ್ತಿತ್ತು. ಷಾಕ್ ಬರಲಿದೆ ಎಂದು ಗೊತ್ತಾದಾಗಲೂ ಸೈಕೋಪಾತ್‌ಗಳಲ್ಲಿ ಆತಂಕ ಕಡಿಮೆ. ಆದರೆ ಷಾಕ್ ಕೊಡುವ ಸನ್ನೆಕೋಲುಗಳಿಂದ ದೂರವಿರಲು ಅವರು ಸರಿಯಾಗಿ ಕಲಿಯಲೂ ಇಲ್ಲ. ಹೆದರದಿರುವುದು ಬಾಕ್ಸರ್‌ಗೆ ವರ. ಪೆಟ್ಟು ತಿಂದೂ ಕಲಿಯದಿರುವುದು ಅವನ ಸಾವು.

ಇಂಥ ಪ್ರಯೋಗಗಳು ಬರುವುದಕ್ಕೆ ಎರಡು ಶತಮಾನ ಮೊದಲೇ, ಎದೆಗಾರಿಕೆಗೆ ಲಗಾಮು ಹಾಕುವುದು ಹೇಗೆ ಎಂಬುದಕ್ಕೆ ಈ ಕಸುಬು ತನ್ನದೇ ರೀತಿಯಲ್ಲಿ ಒಂದು ಉತ್ತರ ಕಂಡುಕೊಂಡಿತ್ತು. ಲಂಡನ್ನಿನ ಜಾಕ್ ಬ್ರಾಟನ್ ಬರಿಗೈ ಕಾಳಗದ ಚಾಂಪಿಯನ್, ಸ್ವಂತ ಅಖಾಡದ ಒಡೆಯ. ಅವನೊಂದಿಗೆ ಹೋರಾಡಿದ ಜಾರ್ಜ್ ಸ್ಟೀವನ್ಸನ್ ಗಾಯಗಳಿಂದ ಸತ್ತ, ಆ ಕೊರಗಿನಲ್ಲೇ ಬ್ರಾಟನ್ ನಿಯಮಗಳನ್ನು ಬರೆದ ಎಂದು ಬಾಕ್ಸಿಂಗ್ ಪರಂಪರೆ ಹೇಳುತ್ತದೆ. ನಿಯಮಗಳ ತಾರೀಖು 1743ರ ಆಗಸ್ಟ್ 16. ಬಿದ್ದವನನ್ನು ಹೊಡೆಯಕೂಡದು ಎಂಬುದು ಅವುಗಳಲ್ಲಿ ಪ್ರಸಿದ್ಧವಾದದ್ದು. ಅಷ್ಟಾಗಿ ಗಮನಕ್ಕೆ ಬಾರದ ಇನ್ನೊಂದಿದೆ: ನೆರೆದ ಗಣ್ಯರಲ್ಲಿ ಇಬ್ಬರನ್ನು ತೀರ್ಪುಗಾರರಾಗಿ ಆರಿಸಬೇಕು, ಅವರಿಬ್ಬರಿಗೂ ಒಮ್ಮತ ಬಾರದಿದ್ದರೆ ಅವರು ಮೂರನೆಯವನನ್ನು ಆರಿಸಬೇಕು. ನನ್ನ ಮಟ್ಟಿಗೆ ಬಾಕ್ಸಿಂಗ್ ಚರಿತ್ರೆಯ ದೊಡ್ಡ ಆವಿಷ್ಕಾರ ಗ್ಲೌಸ್ ಅಲ್ಲ, ಈ ಹೊರಗಿನವನು. ಕಾದಾಡುವವರು ತಮ್ಮ ದಯೆಯನ್ನು ಅವನ ಕೈಗೆ ಒಪ್ಪಿಸಿ ಒಳಗೆ ಹೋಗುತ್ತಾರೆ. 1867ರ ಕ್ವೀನ್ಸ್‌ಬರಿ ನಿಯಮಗಳು ಗ್ಲೌಸ್ ತೊಡಿಸಿ, ಮೂರು ನಿಮಿಷದ ಸುತ್ತುಗಳನ್ನು ಗೊತ್ತು ಮಾಡಿದ ಮೇಲೆ ರಿಂಗ್‌ನೊಳಗಿನ ಕಲ್ಲೆದೆಗೆ ಗಂಟೆಯ ಗಡಿಯೂ ಸಿಕ್ಕಿತು.

ಮೈಸೂರಿನವರಿಗೆ ಈ ಹೊರಗಿನವನು ಹೊಸಬನೇನಲ್ಲ. ವಿಜಯದಶಮಿಯಂದು ಅರಮನೆಯ ಆವರಣದಲ್ಲಿ ಜಟ್ಟಿಗಳ ವಜ್ರಮುಷ್ಟಿ ಕಾಳಗ ನಡೆಯುತ್ತದೆ. ತಲೆಯ ಮೇಲೆ ಮೊದಲ ರಕ್ತ ಕಂಡ ಕೂಡಲೇ ಮುಗಿಯುತ್ತದೆ. ಸಾಕು ಎನ್ನುವವರು ಪಕ್ಕದಲ್ಲಿ ನಿಂತ ಉಸ್ತಾದರು, ಜಟ್ಟಿಗಳಲ್ಲ.

ಟಿಕೆಟ್ ಮಾರುವವರಿಗೆ ಮಾತ್ರ ಈ ಮೂರನೆಯವನಿಂದ ಲಾಭವಿಲ್ಲ. ಅವರಿಗೆ ಬೇಕಾದದ್ದು ರಾಕ್ಷಸ. 1962ರ ಸೆಪ್ಟೆಂಬರ್ 25ರಂದು ಷಿಕಾಗೊದಲ್ಲಿ ಮೊದಲ ಸುತ್ತಿನಲ್ಲೇ ಫ್ಲಾಯ್ಡ್ ಪ್ಯಾಟರ್ಸನ್‌ನನ್ನು ಕೆಡವಿ ಹೆವಿವೇಟ್ ಪಟ್ಟಕ್ಕೇರಿದ ಸನ್ನಿ ಲಿಸ್ಟನ್ ಅದಕ್ಕೆ ಹೇಳಿ ಮಾಡಿಸಿದವನಂತಿದ್ದ. ದರೋಡೆ ಕೇಸಿನಲ್ಲಿ ಜೈಲು ಸೇರಿ ಅಲ್ಲೇ ಬಾಕ್ಸಿಂಗ್ ಕಲಿತವನು, ಪಂದ್ಯಕ್ಕೆ ಮೊದಲು ಎದುರಾಳಿಯನ್ನು ಕಣ್ಣು ಮಿಟುಕಿಸದೆ ನೋಡುವವನು. ಇನ್ನಷ್ಟು ದೈತ್ಯನಾಗಿ ಕಾಣಲೆಂದು ಅವನ ನಿಲುವಂಗಿಯೊಳಗೆ ಟವೆಲ್ ತುರುಕುತ್ತಿದ್ದರು! ಪ್ಯಾಟರ್ಸನ್ ಇದಕ್ಕೆ ತದ್ವಿರುದ್ಧ. ಎದುರಾಳಿಯ ಬಾಯಿಂದ ಜಾರಿದ ರಕ್ಷಾಕವಚವನ್ನು ಎತ್ತಿಕೊಡಲು ಒಮ್ಮೆ ನೆಲಕ್ಕೆ ಬಾಗಿದ್ದ. ಲಿಸ್ಟನ್‌ಗೆ ಸೋತ ರಾತ್ರಿ, ಮೊದಲೇ ತಂದಿಟ್ಟುಕೊಂಡಿದ್ದ ಕೃತಕ ಗಡ್ಡ ಅಂಟಿಸಿಕೊಂಡು ಊರು ಬಿಟ್ಟ.

ಇಲ್ಲಿಗೇ ನಿಲ್ಲಿಸಿದರೆ ರಾಕ್ಷಸನದೇ ಗೆಲುವು. ಆದರೆ 1964ರ ಫೆಬ್ರವರಿ 25ರಂದು ಮಯಾಮಿ ಬೀಚ್‌ನಲ್ಲಿ ಲಿಸ್ಟನ್ ಎದುರಿಗೆ ನಿಂತವನು 22 ವರ್ಷದ ಕ್ಯಾಷಿಯಸ್ ಕ್ಲೇ, ಮುಂದಿನ ಮೊಹಮ್ಮದ್ ಅಲಿ. ಬೆಳಿಗ್ಗೆ ತೂಕ ನೋಡುವಾಗ ಅವನ ನಾಡಿ ನಿಮಿಷಕ್ಕೆ 120ರ ಆಸುಪಾಸು ಹೊಡೆಯುತ್ತಿತ್ತು, ಮಾಮೂಲಿನ ಎರಡರಷ್ಟು. ಹುಡುಗ ಹೆದರಿ ಕಂಗಾಲಾಗಿದ್ದಾನೆ ಎಂದರು ವೈದ್ಯರು. ಅದು ಹೆದರಿಕೆಯೋ ನಾಟಕವೋ, ಎರಡೂ ಸೇರಿತ್ತೋ. ರಾತ್ರಿ ಏಳನೇ ಸುತ್ತಿಗೆ ಸ್ಟೂಲಿನಿಂದ ಏಳದೆ ಕೂತವನು ಮಾತ್ರ ಲಿಸ್ಟನ್.

ನಿಜವಾದ ರಾಕ್ಷಸ ಸಿಗದಿದ್ದರೆ ತಯಾರಿಸುವುದೂ ಉಂಟು. 1930ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮ್ಯಾಕ್ಸ್ ಬೇರ್‌ನ ಹೊಡೆತಗಳಿಂದ ಫ್ರಾಂಕಿ ಕ್ಯಾಂಪ್‌ಬೆಲ್ ಸತ್ತ. ಬೇರ್‌ಗೆ ಅದು ವರ್ಷಗಟ್ಟಲೆ ದುಃಸ್ವಪ್ನವಾಯಿತು. ಮುಂದಿನ ಹಲವು ಪಂದ್ಯಗಳನ್ನು ಸೋತ, ಸತ್ತವನ ಸಂಸಾರಕ್ಕೆ ಹಣ ಕೊಟ್ಟ. 2005ರ 'ಸಿಂಡರೆಲ್ಲಾ ಮ್ಯಾನ್' ಚಿತ್ರದಲ್ಲಾದರೋ ಅವನು ಕೊಂದದ್ದನ್ನು ಹೇಳಿಕೊಂಡು ಮೆರೆಯುವ ಖಳ. ನಾಯಕ ಬ್ರಾಡಕ್‌ನ ಎದುರಿಗೆ ಒಬ್ಬ ದುಷ್ಟ ಬೇಕಿತ್ತು, ಅಷ್ಟೆ.

ಪ್ಯಾಟರ್ಸನ್‌ಗೂ ಮುಂದೆ ಮೈಕ್ ಟೈಸನ್‌ಗೂ ಗುರುವಾಗಿದ್ದ ಕಸ್ ಡಮಾಟೊ ಹುಡುಗರಿಗೆ ಮೊದಲು ಕಲಿಸುತ್ತಿದ್ದದ್ದು ಹೊಡೆತವನ್ನಲ್ಲ, ಭಯವನ್ನು. ವೀರನಿಗೂ ಹೇಡಿಗೂ ಆಗುವ ಭಯ ಒಂದೇ, ಆ ಭಯದಲ್ಲಿ ಏನು ಮಾಡುತ್ತಾರೆ ಎಂಬುದರಲ್ಲಷ್ಟೇ ವ್ಯತ್ಯಾಸ ಎಂಬುದು ಅವನ ಪಾಠ. 1982ರ ಜೂನಿಯರ್ ಒಲಿಂಪಿಕ್ಸ್‌ನಲ್ಲಿ ಚಿತ್ರೀಕರಿಸಿದ ತುಣುಕೊಂದು ಉಳಿದಿದೆ: ಪಂದ್ಯಕ್ಕೆ ಮೊದಲು ಹದಿಹರೆಯದ ಟೈಸನ್ ತರಬೇತುದಾರ ಟೆಡ್ಡಿ ಅಟ್ಲಾಸ್‌ನ ಹೆಗಲಿಗೆ ಒರಗಿ ಅಳುತ್ತಿದ್ದಾನೆ. ನಾಲ್ಕು ವರ್ಷದ ನಂತರ, 20ನೇ ವಯಸ್ಸಿನಲ್ಲಿ, ಅವನೇ ಚರಿತ್ರೆಯ ಅತಿ ಕಿರಿಯ ಹೆವಿವೇಟ್ ಚಾಂಪಿಯನ್. ಅವನನ್ನು ಕೆಡಿಸಿದ್ದು ಭಯವಲ್ಲ, ಲಗಾಮಿಲ್ಲದಿರುವಿಕೆ. 1992ರಲ್ಲಿ ಅತ್ಯಾಚಾರ ಪ್ರಕರಣದಲ್ಲಿ ಶಿಕ್ಷೆಯಾಗಿ ಮೂರು ವರ್ಷ ಜೈಲು. 1997ರ ಜೂನ್ 28ರಂದು ಎದುರಾಳಿ ಹೋಲಿಫೀಲ್ಡ್‌ನ ಕಿವಿ ಕಚ್ಚಿದ್ದಕ್ಕೆ ಪಂದ್ಯವೂ ಹೋಯಿತು, ಲೈಸೆನ್ಸೂ ಹೋಯಿತು, ಮೇಲೆ 30 ಲಕ್ಷ ಡಾಲರ್ ದಂಡ. ಕ್ರೌರ್ಯಕ್ಕೆ ರಿಂಗ್‌ನಲ್ಲಿ ಬೆಲೆ ಇದೆ ಎನ್ನುವವರು ಆ ಲೆಕ್ಕವನ್ನೂ ನೋಡಬೇಕು.

ಇಷ್ಟಾದರೂ ಕನಿಕರಕ್ಕೂ ರಿಂಗ್‌ನಲ್ಲಿ ಬೆಲೆ ತೆರಬೇಕಾಗುತ್ತದೆ ಎಂಬುದನ್ನು ಅಲ್ಲಗಳೆಯಲಾಗದು. ಎಮಿಲ್ ಗ್ರಿಫಿತ್ ವರ್ಜಿನ್ ದ್ವೀಪಗಳಿಂದ ನ್ಯೂಯಾರ್ಕ್‌ಗೆ ಬಂದು ಟೋಪಿ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ನಗುಮೊಗದ ಹುಡುಗ. 1962ರ ಮಾರ್ಚ್ 24ರಂದು ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಕ್ಯೂಬಾದ ಬೆನ್ನಿ ಪಾರೆಟ್‌ನೊಂದಿಗೆ ಅವನ ಮೂರನೇ ಪಂದ್ಯ. ತೂಕ ನೋಡುವಾಗ ಪಾರೆಟ್ ಅವನನ್ನು ಸಲಿಂಗಿ ಎಂದು ಸ್ಪ್ಯಾನಿಷ್ ಬೈಗುಳದಲ್ಲಿ ಹೀಯಾಳಿಸಿದ. ಆರನೇ ಸುತ್ತಿನಲ್ಲಿ ಗ್ರಿಫಿತ್ ಒಮ್ಮೆ ನೆಲಕ್ಕೆ ಬಿದ್ದ. ಒಳಗೆ ನುಗ್ಗಿದ ಮೇಲೆ, ಪಾರೆಟ್ ತಬ್ಬಿ ಹಿಡಿಯುವವರೆಗೆ ಇಲ್ಲವೇ ರೆಫರಿ ಬಿಡಿಸುವವರೆಗೆ ಹೊಡೆಯುತ್ತಲೇ ಇರು ಎಂದ ತರಬೇತುದಾರ ಗಿಲ್ ಕ್ಲಾನ್ಸಿ. 12ನೇ ಸುತ್ತಿನಲ್ಲಿ ಪಾರೆಟ್ ಮೂಲೆಗೆ ಸಿಕ್ಕಿಬಿದ್ದ. ತಬ್ಬಿ ಹಿಡಿಯುವ ಸ್ಥಿತಿ ಅವನದಲ್ಲ, ಅವನ ಕೈಗಳು ಆಗಲೇ ಸೋತಿದ್ದವು. ಬಿಡಿಸಬೇಕಾಗಿದ್ದ ರೆಫರಿ ರೂಬಿ ಗೋಲ್ಡ್‌ಸ್ಟೀನ್ ತಡಮಾಡಿದ. ಗ್ರಿಫಿತ್ ಹೇಳಿಸಿಕೊಂಡದ್ದನ್ನು ಮಾಡುತ್ತಲೇ ಹೋದ. ದೇಶ ಟಿವಿಯಲ್ಲಿ ನೋಡಿತು. ಹತ್ತು ದಿನ ಪ್ರಜ್ಞೆಯಿಲ್ಲದೆ ಮಲಗಿದ್ದ ಪಾರೆಟ್ ಏಪ್ರಿಲ್ 3ರಂದು ತೀರಿಕೊಂಡ. ಮೂರೂವರೆ ತಿಂಗಳ ಹಿಂದಷ್ಟೇ ಜೀನ್ ಫುಲ್ಮರ್‌ನಿಂದ ಘೋರವಾಗಿ ಏಟು ತಿಂದಿದ್ದವನನ್ನು ಮತ್ತೆ ರಿಂಗ್‌ಗೆ ಬಿಟ್ಟವರು ಯಾರು ಎಂಬ ಪ್ರಶ್ನೆಯನ್ನು ಅಂದು ಕೇಳಿದವರು ಕಡಿಮೆ. ಎಲ್ಲರ ಬೆರಳೂ ಗ್ರಿಫಿತ್‌ನ ಕಡೆಗೇ.

ಗ್ರಿಫಿತ್ ಇನ್ನೂ 15 ವರ್ಷ ಆಡಿದ, ಪಟ್ಟಗಳನ್ನೂ ಗೆದ್ದ. ಆದರೆ ಆಟ ಬದಲಾಯಿತು. ಎದುರಾಳಿ ತತ್ತರಿಸಿದರೆ ಹಿಂದೆ ಸರಿಯುವುದು, ದೂರದಿಂದ ಜ್ಯಾಬ್ ಮಾಡಿ ಅಂಕದಲ್ಲಿ ಗೆಲ್ಲುವುದು, ನಾಕೌಟ್‌ಗಳು ವಿರಳವಾದವು. ಕೈಗೆ ಅಳುಕು ಬಂದಿತ್ತು ಎಂದು ಅವನೇ ಒಪ್ಪಿಕೊಂಡಿದ್ದ. ಗೋಲ್ಡ್‌ಸ್ಟೀನ್ ತಪ್ಪಿತಸ್ಥನಲ್ಲ ಎಂದು ತನಿಖೆ ಹೇಳಿತಾದರೂ ಅವನ ರೆಫರಿ ಬದುಕು ಬಹುಮಟ್ಟಿಗೆ ಆ ರಾತ್ರಿಯೇ ಮುಗಿಯಿತು.

ಇದೇ ಗ್ರಿಫಿತ್ 1971ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ, 1973ರಲ್ಲಿ ಮೊನಾಕೊದಲ್ಲಿ ಅರ್ಜೆಂಟೀನಾದ ಕಾರ್ಲೋಸ್ ಮೊನ್ಸೋನ್ ಕೈಲಿ ಸೋತ. ಮೊನ್ಸೋನ್ 1970ರಿಂದ 77ರವರೆಗೆ ಮಿಡ್ಲ್‌ವೇಟ್ ಚಾಂಪಿಯನ್. 14 ಬಾರಿ ಪಟ್ಟ ಉಳಿಸಿಕೊಂಡವನು. ರಿಂಗ್‌ನಲ್ಲಿ ಅವನಷ್ಟು ತಾಳ್ಮೆಯವನು ಅಪರೂಪ: ಆತುರವಿಲ್ಲ, ಕೋಪವಿಲ್ಲ, ಅಳೆದು ತೂಗಿ ಬಿಡುವ ಬಲಗೈ. ಹೊರಗೆ ಹೊಡೆದಾಟ, ಬಂಧನ. 1988ರ ಫೆಬ್ರವರಿ 14ರಂದು ಮಾರ್ ಡೆಲ್ ಪ್ಲಾಟಾದಲ್ಲಿ ತನ್ನ ಮಗುವಿನ ತಾಯಿ ಅಲೀಸಿಯಾ ಮುನಿಸ್‌ಳನ್ನು ಕೊಂದ. 11 ವರ್ಷದ ಶಿಕ್ಷೆ ಅನುಭವಿಸುತ್ತಿರುವಾಗಲೇ, 1995ರಲ್ಲಿ, ರಜೆ ಮುಗಿಸಿ ಜೈಲಿಗೆ ಮರಳುವ ದಾರಿಯಲ್ಲಿ ಕಾರು ಅಪಘಾತದಲ್ಲಿ ಸತ್ತ.

ಹೇರ್‌ನ ಪಟ್ಟಿ ಹಿಡಿದು ದೂರದಿಂದ ಸತ್ತವನಿಗೆ ಅಂಕ ಹಾಕುವುದು ಸಲ್ಲದು. ಆದರೆ ಒಂದು ವಿಷಯ ಕಣ್ಣಿಗೆ ಹೊಡೆಯುತ್ತದೆ. ಮೊನ್ಸೋನ್‌ನನ್ನು ಚಾಂಪಿಯನ್ ಮಾಡಿದ್ದು ಹೊರಗಿನ ಕ್ರೌರ್ಯವಲ್ಲ, ಒಳಗಿನ ಶಿಸ್ತು. ಅಮಿಲ್ಕಾರ್ ಬ್ರೂಸಾನಂಥ ತರಬೇತುದಾರ, ರೆಫರಿ, ಗಂಟೆ ಎಲ್ಲ ಇದ್ದ ಕಡೆ ಅವನಿಗೆ ಕಡಿವಾಣವಿತ್ತು. ಮನೆಯಲ್ಲಿ ಅದಾವುದೂ ಇರಲಿಲ್ಲ, ಅದರ ಬೆಲೆ ತೆತ್ತವಳು ಒಬ್ಬ ಹೆಂಗಸು.

ಕಾದಾಡುವುದು ಆಟಗಾರನ ಕೆಲಸ, ಸಾಕು ಎನ್ನುವುದು ಹೊರಗಿನವನ ಕೆಲಸ ಎಂಬ ಈ ಹಂಚಿಕೆ ಒಳ್ಳೆಯ ತರಬೇತುದಾರರಿಗೆ ಚೆನ್ನಾಗಿ ಗೊತ್ತು. 1975ರ ಅಕ್ಟೋಬರ್ 1ರಂದು ಮನಿಲಾದಲ್ಲಿ ಅಲಿ–ಫ್ರೇಜರ್ ಪಂದ್ಯದ ಕೊನೆಯ ಸುತ್ತಿಗೆ ಮೊದಲು ಜೋ ಫ್ರೇಜರ್‌ನ ಕಣ್ಣುಗಳು ಮುಚ್ಚಿಹೋಗಿದ್ದವು. ಅವನು ಆಡುತ್ತೇನೆಂದ, ರಿಂಗ್‌ನಲ್ಲಿ ಸಾವುಗಳನ್ನು ಕಂಡಿದ್ದ ತರಬೇತುದಾರ ಎಡ್ಡಿ ಫಚ್ ಬೇಡವೆಂದು ಕೂರಿಸಿದ. ಐದು ವರ್ಷದ ನಂತರ ಲ್ಯಾರಿ ಹೋಮ್ಸ್ ತನ್ನ ಹಳೆಯ ಗುರುವಿನಂತಿದ್ದ ಅಲಿಯನ್ನು ಹತ್ತು ಸುತ್ತು ಬಡಿಯಬೇಕಾಯಿತು. ನಡುನಡುವೆ ರೆಫರಿಯ ಕಡೆ ನೋಡುತ್ತಿದ್ದ. ಅಲಿಯ ಮೂಲೆಯಿಂದ ಏಂಜೆಲೊ ಡಂಡಿ ಪಂದ್ಯ ನಿಲ್ಲಿಸಿದ ಮೇಲೆ, ಗೆದ್ದ ಹೋಮ್ಸ್ ಅತ್ತ.

1982ರ ನವೆಂಬರ್ 13ರಂದು ಲಾಸ್ ವೇಗಸ್‌ನಲ್ಲಿ ರೇ ಮನ್ಸೀನಿಯೊಂದಿಗೆ ಆಡಿದ ಕೊರಿಯಾದ ಕಿಮ್ ಡುಕ್ ಕೂ 14ನೇ ಸುತ್ತಿನಲ್ಲಿ ಕುಸಿದು, ಕೆಲವು ದಿನಗಳಲ್ಲಿ ಸತ್ತ. ಮನ್ಸೀನಿ ಖಿನ್ನತೆಗೆ ಜಾರಿದ, ಎರಡು ವರ್ಷದೊಳಗೆ ಪಟ್ಟವನ್ನೂ ಕಳೆದುಕೊಂಡ. ಬಾಕ್ಸಿಂಗ್ ಮಂಡಳಿಗಳು ಆಟಗಾರರ ಎದೆಯೊಳಗೆ ಏನಿದೆ ಎಂದು ಕೆದಕಲು ಹೋಗಲಿಲ್ಲ. ಡಬ್ಲ್ಯೂಬಿಸಿ ತನ್ನ ಪಟ್ಟದ ಪಂದ್ಯಗಳನ್ನು 15 ಸುತ್ತಿನಿಂದ 12ಕ್ಕೆ ಇಳಿಸಿತು. ಆ ದಶಕ ಮುಗಿಯುವ ಮೊದಲೇ ಡಬ್ಲ್ಯೂಬಿಎ, ಐಬಿಎಫ್‌ಗಳೂ ಅದೇ ದಾರಿ ಹಿಡಿದವು.