ಶಲಭಬಾಧೆಯೂ ಕೋಲ್ಮನ್ನರ ಶೋಧನೆಯೂ

ಅತಿವೃಷ್ಟಿ, ಅನಾವೃಷ್ಟಿ, ಮೂಷಕ, ಶಲಭ, ಶುಕ, ನೆರೆಯ ಅರಸರ ದಂಡು ಎಂದು ಈತಿಗಳು ಆರು. ಈ ಗಣನೆಯಲ್ಲಿ ಶಲಭವು ಮಳೆಯ ಹೆಚ್ಚುಕಡಮೆಗಳೊಡನೆಯೂ ಪರಚಕ್ರದೊಡನೆಯೂ ಒಂದೇ ಸಾಲಿನಲ್ಲಿ ನಿಲ್ಲುತ್ತದೆ. ಎಂದರೆ, ಎಲ್ಲಿಂದಲೋ ಬಂದೆರಗುವ, ಬಂದಮೇಲೆ ಸಹಿಸಬೇಕಾದ ವಿಪತ್ತೆಂಬುದೇ ಅದರ ಲಕ್ಷಣವಾಯಿತು. ಶಬ್ದವಾದರೂ ನಿಯತವಾಗಿಲ್ಲ. ದೀಪಕ್ಕೆ ಬಿದ್ದು ಸಾಯುವ ಹುಳುವೂ ಕವಿಗಳಿಗೆ ಶಲಭವೇ, ಪೈರನ್ನು ತಿನ್ನುವ ಮಿಡತೆಯೂ ಶಲಭವೇ. ಕನ್ನಡದ ಮಿಡತೆಯೆಂಬ ಮಾತಾದರೋ ಮಿಡಿದು ನೆಗೆಯುವ ಆ ಪ್ರಾಣಿಯನ್ನೇ ಕಣ್ಣಮುಂದೆ ನಿಲ್ಲಿಸುತ್ತದೆ.

ಚಿಕಿತ್ಸಾಗ್ರಂಥಗಳು ಇಲ್ಲದಿರಲಿಲ್ಲ. ವರಾಹಮಿಹಿರನು ಬೃಹತ್ಸಂಹಿತೆಯ ವೃಕ್ಷಾಯುರ್ವೇದಾಧ್ಯಾಯದಲ್ಲಿ, ಮರದ ರೋಗಪೀಡಿತವಾದ ಭಾಗವನ್ನು ಶಸ್ತ್ರದಿಂದ ಕೊಯ್ದು, ವಾಯುವಿಳಂಗ, ತುಪ್ಪ, ಕೆಸರುಗಳನ್ನು ಲೇಪಿಸಿ, ಹಾಲುಬೆರೆತ ನೀರನ್ನೆರೆಯಬೇಕೆಂದು ವಿಧಿಸುತ್ತಾನೆ. ಹನ್ನೊಂದನೆಯ ಶತಮಾನದ ಚಾವುಂಡರಾಯನ ಲೋಕೋಪಕಾರವೂ ಈ ಶಾಸ್ತ್ರಕ್ಕೆ ಎಡೆಗೊಟ್ಟಿದೆ. ಆದರೆ ಇವು ಉಪವನದ ಮರಗಳಿಗೆ ತಕ್ಕ ಉಪಚಾರಗಳು. ಬಯಲುಸೀಮೆಯ ಜೋಳದ ಹೊಲಕ್ಕೆಲ್ಲ ತುಪ್ಪವನ್ನು ತರುವವರಾರು?

ಕೆನಡಾ ದೇಶದವರಾದ ಲೆಸ್ಲಿ ಕೋಲ್ಮನ್ನರು 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದರು. 1913ರಲ್ಲಿ ವ್ಯವಸಾಯ ಇಲಾಖೆಯ ಡೈರೆಕ್ಟರಾದರು. ಅಡಕೆಯ ಕೊಳೆರೋಗಕ್ಕೆ ಮೈಲುತುತ್ತ ಸುಣ್ಣಗಳ ದ್ರಾವಣವನ್ನು ಬಳಕೆಗೆ ತಂದವರೆಂದು ಮಲೆನಾಡು ಅವರನ್ನು ಸ್ಮರಿಸುವುದುಂಟು. ಅದು ಶಿಲೀಂಧ್ರದ ವಿಷಯ. ಕೀಟಗಳ ವಿಷಯದಲ್ಲಿ ಅವರು ನಡೆಸಿದ ಶೋಧನೆ ಅಷ್ಟು ಪ್ರಸಿದ್ಧವಲ್ಲದಿದ್ದರೂ, ವಿಚಾರಕ್ರಮದ ದೃಷ್ಟಿಯಿಂದ ಅದಕ್ಕಿಂತ ಕಡಮೆಯಾದುದಲ್ಲ.

ಜೋಳದ ಮಿಡತೆಯನ್ನು ಕುರಿತ ಅವರ ಪ್ರಬಂಧವು 1911ರಲ್ಲಿ ಪ್ರಕಟವಾಯಿತು. ಪೈರಿನ ಮೇಲೆ ಮಿಡತೆ ಕಾಣುವಾಗ ಏನು ಮಾಡಬೇಕೆಂಬುದು ಎಲ್ಲರ ಪ್ರಶ್ನೆ. ಕಾಣದಿರುವಾಗ ಅದು ಎಲ್ಲಿರುತ್ತದೆಯೆಂಬುದು ಶೋಧಕನ ಪ್ರಶ್ನೆ. ಈ ಮಿಡತೆಗೆ ಹಾರಲು ರೆಕ್ಕೆಯಿಲ್ಲ. ಆದುದರಿಂದ ಮರುಭೂಮಿಯಿಂದ ಮೋಡದಂತೆ ಹಾರಿಬರುವ ಶಲಭಸಮೂಹಕ್ಕೂ ಇದಕ್ಕೂ ಸಂಬಂಧವಿಲ್ಲ. ಇದು ಆ ಹೊಲದಲ್ಲಿಯೇ ಹುಟ್ಟಿ ಆ ಹೊಲದ ಆಸುಪಾಸಿನಲ್ಲಿಯೇ ಸಾಯುವ ಒಕ್ಕಲು. ವರ್ಷಕ್ಕೆ ಒಂದೇ ಸಂತತಿ. ಅಕ್ಟೋಬರ್ ನವೆಂಬರ್ ತಿಂಗಳುಗಳಲ್ಲಿ ಹೆಣ್ಣು ತನ್ನ ಬಾಲವನ್ನು ನೆಲದೊಳಕ್ಕೆ ಚುಚ್ಚಿ ಮೊಟ್ಟೆಗಳನ್ನು ಗೊಂಚಲಾಗಿ ಇಡುತ್ತದೆ. ಅವುಗಳೊಡನೆ ಸುರಿದ ನೊರೆ ಒಣಗಿ ಗೂಡಿನಂತೆ ಗಟ್ಟಿಯಾಗುತ್ತದೆ. ತಾಯಿ ಸಾಯುತ್ತದೆ. ಮೊಟ್ಟೆಗಳು ಚಳಿಗಾಲವನ್ನೂ ಬೇಸಗೆಯನ್ನೂ ನೆಲದಲ್ಲಿಯೇ ಕಳೆದು, ಜೂನ್ ತಿಂಗಳಿನ ಮಳೆ ಬಿದ್ದೊಡನೆ ಒಡೆಯುತ್ತವೆ. ಜೋಳದ ಎಳೆಯ ಮೊಳಕೆಯೂ ಮಿಡತೆಯ ಎಳೆಯ ಮರಿಯೂ ಒಂದೇ ಮಳೆಯ ಮಕ್ಕಳು.

ಇಷ್ಟು ತಿಳಿದಮೇಲೆ ಉಪಾಯವನ್ನು ದೂರ ಅರಸಬೇಕಾಗಿಲ್ಲ. ಶತ್ರುವು ವರ್ಷದಲ್ಲಿ ಏಳೆಂಟು ತಿಂಗಳು ಅಲುಗಾಡದೆ ಬಿದ್ದಿರುತ್ತದೆ. ಆಗ ನೆಲವನ್ನು ಆಳವಾಗಿ ಉತ್ತು ಮೊಟ್ಟೆಯ ಗೂಡುಗಳನ್ನು ಮೇಲೆತ್ತಿದರೆ ಬಿಸಿಲೂ ಹಕ್ಕಿಗಳೂ ಉಳಿದ ಕೆಲಸವನ್ನು ಮಾಡುತ್ತವೆ. ಮರಿಗಳು ಹೊರಟಮೇಲೆ, ಅಗಲವಾದ ಬಾಯುಳ್ಳ ಚೀಲವನ್ನು ಹಿಡಿದು ಹೊಲದ ಮೇಲೆ ಎಳೆದೊಯ್ದರೆ ಅವು ನೆಗೆದು ಅದರೊಳಗೇ ಬೀಳುತ್ತವೆ. ನೇಗಿಲು, ಚೀಲ, ಆಳು: ರೈತನಲ್ಲಿ ಇಲ್ಲದುದೇನನ್ನೂ ಇದು ಕೇಳುವುದಿಲ್ಲ. ಮುಂದೆ ಡಿ.ಡಿ.ಟಿ. ಮೊದಲಾದ ವಿಷಚೂರ್ಣಗಳು ಬಂದು, ಅವುಗಳ ಕೆಡುಕು ತಿಳಿದುಬಂದ ಬಳಿಕ, ಇದರ ಬೆಲೆ ಇನ್ನೂ ಸ್ಪಷ್ಟವಾಗಿದೆ.

ಆದರೂ ಒಂದು ತೊಡಕುಂಟು. ಒಬ್ಬನು ಉತ್ತು ನೆರೆಯವನು ಬೀಳುಬಿಟ್ಟರೆ, ರೆಕ್ಕೆಯಿಲ್ಲದ ಮಿಡತೆಯೂ ಬದುವನ್ನು ದಾಟಿ ಬಾರದಿರದು. ಜ್ಞಾನವು ಒಬ್ಬನಿಗೆ ಸಾಲುತ್ತದೆ, ಕಾರ್ಯಕ್ಕೆ ಊರೇ ಬೇಕು. ಆಗ ಬಳ್ಳಾರಿಯನ್ನೂ ಒಳಗೊಂಡಿದ್ದ ಮದರಾಸು ಪ್ರಾಂತದಲ್ಲಿ ಬೆಳೆಗಳ ಪೀಡೆ ಮತ್ತು ರೋಗಗಳನ್ನು ಕುರಿತು 1919ರಲ್ಲಿ ಕಾನೂನನ್ನೇ ಮಾಡಬೇಕಾಗಿ ಬಂದುದಕ್ಕೆ ಇಂತಹ ತೊಡಕೇ ಕಾರಣ.

ಮ್ಯಾಡ್ರಿಡ್ಡಿನ ಬೋಲಿವಾರ್ ಎಂಬ ಪಂಡಿತರು 1910ರಲ್ಲಿ ಈ ಮಿಡತೆಯ ಕುಲಕ್ಕೆ ಕೋಲ್ಮೇನಿಯಾ ಎಂದು ಹೆಸರಿಟ್ಟರು. ಕೋಲ್ಮನ್ನರ ಸಹಾಯಕರಾಗಿದ್ದ ಕುಂಞಿಕಣ್ಣನ್ನರಿಗೆ ಅಷ್ಟು ಕೀರ್ತಿ ದೊರೆಯಲಿಲ್ಲ. ಬತ್ತದ ಮಿಡತೆಯನ್ನು ಕುರಿತ 1911ರ ಪ್ರಬಂಧದಲ್ಲಿ ಇಬ್ಬರ ಹೆಸರೂ ಇದೆ. ಆ ಮಿಡತೆ ಗದ್ದೆಯ ಬದುಗಳಲ್ಲಿ ಮೊಟ್ಟೆಯಿಡುತ್ತದೆ. ಅಲ್ಲಿ ನೇಗಿಲು ಹೋಗದು, ಗುದ್ದಲಿಯಿಂದ ಬದುವನ್ನು ಕೆತ್ತಬೇಕು.