ಕ್ರಿ.ಶ. 1368ರ ಒಂದು ಬಿನ್ನಹ

ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿ ಶಕವರ್ಷ 1290ರ, ಅಂದರೆ ಕ್ರಿ.ಶ. 1368ರ, ಶಿಲಾಶಾಸನವೊಂದಿದೆ. ವಿಜಯನಗರದ ಬುಕ್ಕರಾಯನು ಜೈನರಿಗೂ ಶ್ರೀವೈಷ್ಣವರಿಗೂ ಸಂಧಾನ ಮಾಡಿಸಿದ ದಾಖಲೆಯೆಂದು ಅದನ್ನು ಸಭೆಗಳಲ್ಲಿ ಸ್ಮರಿಸುತ್ತೇವೆ. ಅರಸನ ಸಮದೃಷ್ಟಿಯನ್ನು ಕೊಂಡಾಡುವ ಭರದಲ್ಲಿ, ಆ ಸಂಧಾನಕ್ಕೆ ಮೂಲವಾದದ್ದು ನಮ್ಮವರು ಒಯ್ದ ದೂರು ಎಂಬುದನ್ನು ಮರೆಯುತ್ತೇವೆ.

ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮೊದಲಾದ ಊರುಗಳ ಭವ್ಯಜನರು ತಮಗಾಗುತ್ತಿದ್ದ ಅನ್ಯಾಯವನ್ನು ಅರಸನಲ್ಲಿ ಬಿನ್ನವಿಸಿಕೊಂಡರು. ಎದುರು ಪಕ್ಷದವರು ಪರದೇಶದವರಲ್ಲ. ಅದೇ ನಾಡಿನಲ್ಲಿ ಕೂಡಿ ಬಾಳಬೇಕಾದವರು. ಅವರ ಮನಸ್ಸು ಮುರಿದೀತೆಂದು ಸುಮ್ಮನಿರುವುದು ಸುಲಭವಾಗಿತ್ತು.

ಬುಕ್ಕರಾಯನು ಹದಿನೆಂಟು ನಾಡಿನ ಶ್ರೀವೈಷ್ಣವರ ಕೈಯಲ್ಲಿ ಜೈನರ ಕೈಯನ್ನಿರಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದನು. ಪಂಚಮಹಾವಾದ್ಯಗಳೂ ಕಲಶವೂ ಜೈನರಿಗೆ ಹಿಂದಿನಂತೆಯೇ ಸಲ್ಲತಕ್ಕವೆಂದು ಕಟ್ಟಳೆಯಾಯಿತು. ವ್ಯಾಪಾರಿಯಾದ ನನಗೆ ಮುಂದಿನ ವಿವರವೇ ಹೆಚ್ಚು ಪ್ರಿಯ. ಜೈನರು ಮನೆಗೊಂದು ಹಣದಂತೆ ವರ್ಷವರ್ಷ ಕೊಡಬೇಕು. ಅದರಿಂದ ತಿರುಮಲೆಯ ತಾತಯ್ಯನು ಬೆಳಗೊಳದ ದೇವರಿಗೆ 20 ಮಂದಿ ಕಾವಲಿನವರನ್ನು ನೇಮಿಸಬೇಕು. ಮಿಕ್ಕ ಹಣದಿಂದ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು. ಯಾರ ಕಡೆಯವರ ಮೇಲೆ ದೂರಿತ್ತೋ ಅವರ ಗುರುವಿನ ಕೈಗೇ ನಮ್ಮವರ ಹಣ! ಮುಂದೆ ಕಲ್ಲೆಹದ ಬುಸುವಿಸೆಟ್ಟಿಯು ಜೀರ್ಣೋದ್ಧಾರ ಮಾಡಿಸಿದಾಗ, ಎರಡೂ ಸಮಯದವರು ಕೂಡಿ ಆತನಿಗೆ ಸಂಘನಾಯಕ ಪಟ್ಟ ಕಟ್ಟಿದರೆಂದು ಅದೇ ಕಲ್ಲು ಹೇಳುತ್ತದೆ.

ಪರರ ಮನಸ್ಸನ್ನು ನೋಯಿಸಬಾರದೆಂಬ ಅಹಿಂಸಾಭಾವವನ್ನೂ ಪರರು ಮುನಿದಾರೆಂಬ ಅಂಜಿಕೆಯನ್ನೂ ನಾವು ಒಂದೇ ಎಂದು ಎಣಿಸುತ್ತೇವೆ. ಉಮಾಸ್ವಾಮಿಗಳು ಎಣಿಸಲಿಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯವ್ರತದ ಐದು ಭಾವನೆಗಳನ್ನು ಹೇಳುವಾಗ, ಕ್ರೋಧ ಲೋಭಗಳ ತ್ಯಾಗದೊಡನೆಯೇ ಭೀರುತ್ವದ ತ್ಯಾಗವನ್ನೂ ಇರಿಸಿದ್ದಾರೆ. ಆಲೋಚಿಸಿ ನುಡಿಯಬೇಕೆಂಬುದೂ ಆ ಐದರಲ್ಲೊಂದು. ಆದುದರಿಂದ ಒರಟುತನಕ್ಕೆ ಇಲ್ಲಿ ಆಸರೆ ದೊರೆಯದು.

ಈ ದಾಕ್ಷಿಣ್ಯದ ರುಚಿಯನ್ನು ನಾನೂ ಬಲ್ಲೆ. ಹಳೆಯ ಬಾಕಿಯನ್ನು ಕೇಳಲು ಸಂಕೋಚಪಟ್ಟು ಹಣವನ್ನು ಕಳೆದುಕೊಂಡೆ; ಗಿರಾಕಿಯೂ ಉಳಿಯಲಿಲ್ಲ, ನನ್ನ ಅಂಗಡಿಯ ಬೀದಿಯನ್ನೇ ಬಿಟ್ಟು ಸುತ್ತುಬಳಸಿ ನಡೆಯತೊಡಗಿದರು. ಅದು ಸ್ವಂತದ ನಷ್ಟ. ಆದರೆ ಬಸದಿಯೊಂದರ ಲೆಕ್ಕಪತ್ರ ಓದಿದ ಸಭೆಯಲ್ಲಿ, ಹಿರಿಯರೊಬ್ಬರು ನೊಂದುಕೊಂಡಾರೆಂದು ಕೇಳಬೇಕಾದ ಪ್ರಶ್ನೆಯನ್ನು ನುಂಗಿಕೊಂಡೆನಲ್ಲ, ಆ ಹಣ ನನ್ನದಾಗಿರಲಿಲ್ಲ. ಮುಂದಿನ ಸಭೆಗೆಂದು ಆ ಪ್ರಶ್ನೆಯನ್ನು ಚೀಟಿಯಲ್ಲಿ ಬರೆದಿಟ್ಟಿದ್ದೇನೆ. ಸಭೆಗೆ ಮೊದಲು ಅವರ ಮನೆಗೇ ಹೋಗಿ ತಿಳಿಸುವವನಿದ್ದೇನೆ.